ಮಗುವಿನ ಎದೆಗೆ ಎಕ್ಸ್‌ರೇ ಯಾವಾಗ?

ಮಳೆಗಾಲದ ಸಂಜೆ ಯಾವುದೇ ಮಕ್ಕಳ ಡಾಕ್ಟರ ಕ್ಲಿನಿಕ್ಕಿನ ಹೊರಗೆ ಸ್ವಲ್ಪ ಹೊತ್ತು ಕೂತರೂ ಇಂಥದೊಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ನ್ಯುಮೋನಿಯಾ ಅಂತಾರೆ, ಎಕ್ಸ್‌ರೇ ಮಾತ್ರ ಬರೆದುಕೊಡಲಿಲ್ಲ. ಒಳಗೆ ನೋಡದೆ ಹೇಗೆ ಗೊತ್ತಾಯ್ತಂತೆ?"

ಹೀಗೆನ್ನುವ ಅಪ್ಪನ ಸಿಡಿಮಿಡಿಗೆ ಅರ್ಥವಿದೆ. ಎರಡು ವರ್ಷದ ಮಗುವಿಗೆ ಮೂರು ದಿನದಿಂದ ಕೆಮ್ಮು, ಜ್ವರ. ಡಾಕ್ಟರು ಮಾಡಿದ್ದಿಷ್ಟೆ: ಅಂಗಿ ಮೇಲೆತ್ತಿ, ಕೈಗಡಿಯಾರ ನೋಡುತ್ತ ಒಂದು ನಿಮಿಷ ಸುಮ್ಮನೆ ಕೂತರು. ಬೆರಳಿಗೆ ಕೆಂಪು ದೀಪದ ಕ್ಲಿಪ್ ಸಿಕ್ಕಿಸಿದರು. ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಐದು ದಿನಕ್ಕೆ ಅಮಾಕ್ಸಿಸಿಲಿನ್ ಬರೆದು, ಎರಡು ದಿನ ಬಿಟ್ಟು ಬನ್ನಿ ಎಂದರು. ಕಾಲು ಉಳುಕಿದರೆ ಎರಡು ಕಡೆಯಿಂದ ಎಕ್ಸ್‌ರೇ ತೆಗೆಯುತ್ತಾರೆ, ಮಗುವಿನ ಶ್ವಾಸಕೋಶಕ್ಕೆ ಬೇಡ ಅನ್ನುತ್ತಾರೆ ಎಂದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ.

ಡಾಕ್ಟರು ಉದಾಸೀನ ಮಾಡಿದರು ಅಂದುಕೊಳ್ಳಬೇಕಿಲ್ಲ. 2011ರಲ್ಲಿ ಅಮೆರಿಕದ ಸೋಂಕುರೋಗ ತಜ್ಞರ ಸಂಘಗಳೂ ಬ್ರಿಟಿಷ್ ಥೊರಾಸಿಕ್ ಸೊಸೈಟಿಯೂ ಬೇರೆಬೇರೆಯಾಗಿ ಮಾರ್ಗಸೂಚಿ ಹೊರಡಿಸಿ ಒಂದೇ ಮಾತು ಹೇಳಿದವು: ಮನೆಯಲ್ಲೇ ಇಟ್ಟುಕೊಂಡು ಔಷಧಿ ಕೊಡಬಹುದಾದಷ್ಟು ಗೆಲುವಾಗಿರುವ ಮಗುವಿಗೆ, ನ್ಯುಮೋನಿಯಾ ಅನುಮಾನ ಬಂದಿತೆಂದು ವಾಡಿಕೆಯಂತೆ ಎಕ್ಸ್‌ರೇ ತೆಗೆಸಬೇಕಿಲ್ಲ. ಈ ಎರಡು ದೇಶಗಳಲ್ಲಿ ಯಂತ್ರಕ್ಕೇನೂ ಬರವಿಲ್ಲ. ವಿಕಿರಣದ ಭಯವೂ ಮುಖ್ಯ ಕಾರಣವಲ್ಲ. ಒಂದು ಎದೆ ಎಕ್ಸ್‌ರೇಯಿಂದ ಮಗುವಿನ ಮೈಗೆ ತಗಲುವುದು ಮಣ್ಣು, ಗಾಳಿ, ಆಕಾಶದಿಂದ ನಮಗೆಲ್ಲ ಕೆಲವೇ ದಿನಗಳಲ್ಲಿ ಹೇಗೂ ತಗಲುವಷ್ಟು ವಿಕಿರಣ. ಕಾರಣ ಇರುವುದು ಚಿತ್ರದ ಸ್ವಭಾವದಲ್ಲಿ. ಆ ಚಿತ್ರ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬುದು ಗೊತ್ತಾದರೆ ಅಪ್ಪನ ಪ್ರಶ್ನೆ ಅರ್ಧ ಬಗೆಹರಿದಂತೆ.

ಗಾಳಿ ಕಪ್ಪು, ಉಳಿದದ್ದೆಲ್ಲ ಬಿಳಿ

ವಿಲ್ಹೆಲ್ಮ್ ರಾಂಟ್‌ಜನ್ 1895ರ ನವೆಂಬರಿನಲ್ಲಿ ಕಂಡುಹಿಡಿದ ಈ ಕಿರಣಗಳು ಮೈಯೊಳಗೆ ತೂರಿಹೋಗುವಾಗ ಒಂದು ಲೆಕ್ಕ ಮಾತ್ರ ಇಟ್ಟಿರುತ್ತವೆ: ದಾರಿಯಲ್ಲಿ ಎಷ್ಟು ತಡೆ ಸಿಕ್ಕಿತು? ಮೂಳೆ ಹೆಚ್ಚು ತಡೆಯುತ್ತದೆ, ಹಾಗಾಗಿ ಬಿಳಿ. ಗಾಳಿ ತಡೆಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಕಪ್ಪು. ನೀರು, ರಕ್ತ, ಮಾಂಸ, ಕೀವು ಇವೆಲ್ಲ ನಡುವಿನ ಬೂದು ಬಿಳುಪು. ಒಂದರಿಂದ ಇನ್ನೊಂದನ್ನು ಬಿಡಿಸಿ ತೋರಿಸುವ ಶಕ್ತಿ ಆ ಕಿರಣಗಳಿಗಿಲ್ಲ.

ಶ್ವಾಸಕೋಶದೊಳಗೆ ಉಸಿರಿನ ಕೊಳವೆಗಳು ಕವಲೊಡೆಯುತ್ತ ಹೋಗಿ ಕೊನೆಗೆ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಲ್ಲಿ ಮುಗಿಯುತ್ತವೆ. ರಕ್ತಕ್ಕೆ ಆಕ್ಸಿಜನ್ ಸೇರುವುದು ಇಲ್ಲಿ. ಆರೋಗ್ಯವಾಗಿದ್ದಾಗ ಅವುಗಳ ತುಂಬ ಗಾಳಿ, ಆದ್ದರಿಂದ ಚಿತ್ರದಲ್ಲಿ ಪಕ್ಕೆಲುಬುಗಳ ನಡುವೆ ಕಪ್ಪು. ನ್ಯುಮೋನಿಯಾದಲ್ಲಿ ಆ ಗೂಡುಗಳಿಗೆ ದ್ರವ, ಬಿಳಿ ರಕ್ತಕಣ, ಸತ್ತ ಜೀವಕೋಶಗಳ ರಾಡಿ ತುಂಬಿಕೊಳ್ಳುತ್ತದೆ. ಗಾಳಿ ಇದ್ದ ಕಡೆ ಈಗ ಬಿಳಿ ಮಚ್ಚೆ. ಡಾಕ್ಟರುಗಳು ಇದನ್ನು ಕನ್ಸಾಲಿಡೇಷನ್ ಎನ್ನುತ್ತಾರೆ. ನಾವು ಗಟ್ಟಿಕಟ್ಟು ಎನ್ನೋಣ.

ಮಲೆನಾಡಿನ ಹಳೇ ಮನೆಯ ಗೋಡೆ ನೆನಪಿಸಿಕೊಳ್ಳಿ. ಆಷಾಢದಲ್ಲಿ ಒಂದು ಬೆಳಿಗ್ಗೆ ತೇವದ ಕಲೆ ಎದ್ದಿರುತ್ತದೆ. ಗೋಡೆ ನೆನೆದಿದೆ ಎಂಬುದು ಖಚಿತ. ನೆನೆದದ್ದು ಹೆಂಚು ಸರಿದು ಸೋರಿದ್ದರಿಂದಲೋ, ಒಳಗಿನ ಪೈಪು ಒಡೆದಿದ್ದರಿಂದಲೋ, ತಳಪಾಯದಿಂದ ತೇವ ಏರಿದ್ದರಿಂದಲೋ? ಕಲೆಯನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅದು ಹೇಳುವುದಿಲ್ಲ. ಎಕ್ಸ್‌ರೇಯ ಬಿಳಿ ಮಚ್ಚೆಯೂ ಅಷ್ಟೇ. ಅಲ್ಲಿ ಗಾಳಿ ಇಲ್ಲ ಎಂಬುದು ಅದರ ಪೂರ್ತಿ ಹೇಳಿಕೆ. ಗಾಳಿಯ ಜಾಗ ಹಿಡಿದದ್ದು ಬ್ಯಾಕ್ಟೀರಿಯಾ ತಂದ ಕೀವೋ, ವೈರಸ್ ತಂದ ಊತವೋ, ಕಫ ಕಟ್ಟಿ ಮುದುಡಿಕೊಂಡ ಶ್ವಾಸಕೋಶದ ತುಂಡೋ ಎಂಬುದನ್ನು ಬೇರೆ ಕಡೆಯಿಂದ ತಿಳಿಯಬೇಕು.

ಚಿಕಿತ್ಸೆಯ ದೊಡ್ಡ ಪ್ರಶ್ನೆ ಇರುವುದೇ ಅಲ್ಲಿ. ಬ್ಯಾಕ್ಟೀರಿಯಾ ಆದರೆ ಆಂಟಿಬಯಾಟಿಕ್ ಬೇಕು, ವೈರಸ್ ಆದರೆ ಅದರಿಂದ ಏನೂ ಉಪಯೋಗವಿಲ್ಲ. ಬಾಂಗ್ಲಾದೇಶ, ಥಾಯ್ಲೆಂಡ್ ಮತ್ತು ಆಫ್ರಿಕಾದ ಐದು ದೇಶಗಳಲ್ಲಿ ನಡೆದ ಪರ್ಚ್ ಎಂಬ ದೊಡ್ಡ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆಸ್ಪತ್ರೆ ಸೇರಿದ, ಎಕ್ಸ್‌ರೇಯಲ್ಲೂ ನ್ಯುಮೋನಿಯಾ ಕಂಡ ಮಕ್ಕಳನ್ನೇ ಆರಿಸಿ ಕಾರಣ ಹುಡುಕಿದಾಗ ನೂರಕ್ಕೆ ಸುಮಾರು 61ರಷ್ಟು ಪ್ರಕರಣಗಳ ಹಿಂದೆ ವೈರಸ್, ಸುಮಾರು 27ರ ಹಿಂದೆ ಬ್ಯಾಕ್ಟೀರಿಯಾ ಇತ್ತೆಂದು ಲೆಕ್ಕ ಸಿಕ್ಕಿತು. ಚಿತ್ರದಲ್ಲಿ ಮಚ್ಚೆ ಇದ್ದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕೆಂದು ಸಾಬೀತಾಗುವುದಿಲ್ಲ ಎಂದಾಯಿತು.

ಅದೂ ಅಲ್ಲದೆ ಮಕ್ಕಳ ಚಿತ್ರ ಓದುವುದು ತುಸು ಕಷ್ಟದ ಕೆಲಸ. ಹಸುಗೂಸಿನ ಎದೆಯಲ್ಲಿ ಹೃದಯದ ಮೇಲ್ಭಾಗಕ್ಕೆ ಥೈಮಸ್ ಎಂಬ ಗ್ರಂಥಿ ದೊಡ್ಡದಾಗಿಯೇ ಇರುತ್ತದೆ; ಕೆಲವು ಚಿತ್ರಗಳಲ್ಲಿ ಅದು ಹಾಯಿಪಟದ ಆಕಾರದಲ್ಲಿ ಒಂದು ಪಕ್ಕಕ್ಕೆ ಚಾಚಿಕೊಂಡು, ಅನುಭವವಿಲ್ಲದವರಿಗೆ ಮೇಲಿನ ಭಾಗದ ನ್ಯುಮೋನಿಯಾ ಎಂದೇ ಕಾಣುತ್ತದೆ. ಮಗು ಉಸಿರು ಹೊರಬಿಟ್ಟ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಇಡೀ ಶ್ವಾಸಕೋಶವೇ ಮಸುಕು. ಚೀರಾಡುವ ಮಗುವಿಗೆ "ಉಸಿರು ಎಳೆದು ಹಿಡಿ" ಎಂದು ಯಾರು ಹೇಳುವುದು? ಒಂದೇ ಚಿತ್ರ ನೋಡಿ ಇಬ್ಬರು ತಜ್ಞರು ಎರಡು ಮಾತಾಡುವುದು ಎಷ್ಟು ಸಾಮಾನ್ಯವೆಂದರೆ, ಲಸಿಕೆಗಳ ಪ್ರಯೋಗದಲ್ಲಿ ಎಲ್ಲ ದೇಶದವರೂ ಒಂದೇ ಅಳತೆಗೋಲು ಹಿಡಿಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಚಿತ್ರ ಓದುವ ಕೈಪಿಡಿಯನ್ನೇ ತರಬೇಕಾಯಿತು.

ಗೊರೊಕಾದಲ್ಲಿ ಎಣಿಸಿದ ಉಸಿರು

ಹಾಗಾದರೆ ಆ ಡಾಕ್ಟರು ಗಡಿಯಾರ ನೋಡುತ್ತ ಕೂತದ್ದೇಕೆ? ಅದರ ಮೂಲ ಪಪುವಾ ನ್ಯೂಗಿನಿಯ ಬೆಟ್ಟದ ಊರು ಗೊರೊಕಾದಲ್ಲಿದೆ. ಅಲ್ಲಿ ಮಕ್ಕಳು ನ್ಯುಮೋನಿಯಾದಿಂದ ಒಂದೇ ಸಮನೆ ಸಾಯುತ್ತಿದ್ದ ಕಾಲದಲ್ಲಿ ಕೆಲಸ ಮಾಡಿದ ಆಸ್ಟ್ರೇಲಿಯಾದ ವೈದ್ಯ ಫ್ರ್ಯಾಂಕ್ ಶಾನ್ ಮತ್ತು ಸಂಗಡಿಗರಿಗೆ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಬಳಸಬಲ್ಲ ಗುರುತು ಬೇಕಿತ್ತು. ಎಕ್ಸ್‌ರೇ ದೂರದ ಮಾತು, ಸ್ಟೆತೊಸ್ಕೋಪ್ ಹಿಡಿದು ಗೊರಗೊರ ಸದ್ದು ಗುರುತಿಸುವುದಕ್ಕೂ ವರ್ಷಗಟ್ಟಲೆ ಅಭ್ಯಾಸ ಬೇಕು. ಕೆಮ್ಮುವ ಮಗು ನಿಮಿಷಕ್ಕೆ 50ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಆಂಟಿಬಯಾಟಿಕ್, ಪಕ್ಕೆ ಒಳಸೆಳೆದರೆ ಆಸ್ಪತ್ರೆ ಎಂಬ ಸರಳ ಸೂತ್ರವನ್ನು ಅವರು 1984ರಲ್ಲಿ ಮುಂದಿಟ್ಟರು. ನಾಲ್ಕು ವರ್ಷದ ನಂತರ ನಮ್ಮ ಪಕ್ಕದ ವೆಲ್ಲೂರಿನಲ್ಲಿ ಥಾಮಸ್ ಚೆರಿಯನ್, ಜೇಕಬ್ ಜಾನ್ ಮೊದಲಾದವರು ಇದನ್ನು ಪರೀಕ್ಷಿಸಿ, ಒಂದು ವರ್ಷ ದಾಟಿದ ಮಕ್ಕಳಿಗೆ ಗಡಿಯನ್ನು 40ಕ್ಕೆ ಇಳಿಸಬೇಕೆಂದು ತೋರಿಸಿದರು. ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಗಡಿ ಹೀಗಿದೆ: ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳೊಳಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಉಸಿರು ಜೋರು. ನಮ್ಮೂರ ಆಶಾ ಕಾರ್ಯಕರ್ತೆ ಮಗುವಿನ ಎದೆ ನೋಡುತ್ತ ಎಣಿಸುವುದು ಇದೇ ಲೆಕ್ಕವನ್ನು.

ಇಷ್ಟು ಸರಳವಾದ ಎಣಿಕೆ ಏಕೆ ಕೆಲಸ ಮಾಡುತ್ತದೆ ಎಂಬುದು ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಗಾಳಿಗೂಡುಗಳಿಗೆ ರಾಡಿ ತುಂಬಿದ ಶ್ವಾಸಕೋಶ ಬಿಗಿಯಾಗುತ್ತದೆ, ಎಳೆದಷ್ಟು ಹಿಗ್ಗುವುದಿಲ್ಲ. ದೊಡ್ಡವರಾದರೆ ಪಕ್ಕೆಲುಬುಗಳನ್ನು ಮೇಲೆತ್ತಿ ದೀರ್ಘವಾಗಿ ಎಳೆದುಕೊಳ್ಳಲು ನೋಡುತ್ತೇವೆ. ಪುಟ್ಟ ಮಗುವಿನ ಪಕ್ಕೆಲುಬುಗಳು ಹೆಚ್ಚುಕಡಿಮೆ ಅಡ್ಡವಾಗಿ ಮಲಗಿರುತ್ತವೆ. ಎತ್ತಿದರೂ ಎದೆಯ ಒಳಜಾಗ ಅಷ್ಟಾಗಿ ಹಿಗ್ಗದು. ಬಿಗಿಯಾದ ಶ್ವಾಸಕೋಶವನ್ನು ಒಂದೊಂದು ಸಲಕ್ಕೂ ಪೂರ್ತಿ ಹಿಗ್ಗಿಸುವುದಕ್ಕಿಂತ ಸಣ್ಣಸಣ್ಣ ಉಸಿರನ್ನು ಬೇಗಬೇಗ ಎಳೆಯುವುದೇ ಅದಕ್ಕೆ ಕಡಿಮೆ ಶ್ರಮ. ಒಳಗೆ ಎಷ್ಟು ಬಿಗಿ ಕಟ್ಟಿದೆ ಎಂಬುದರ ಲೆಕ್ಕವನ್ನು ಮೈ ತಾನೇ ಹೊರಗೆ ಬರೆದು ತೋರಿಸಿದಂತಾಯಿತು.

ಕಾಯಿಲೆ ಇನ್ನೂ ಏರಿದರೆ ಪಕ್ಕೆ ಸೆಳೆತ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಬಲವಾಗಿ ಕೆಳಗೆಳೆಯುತ್ತದೆ, ಶ್ವಾಸಕೋಶ ಹಿಗ್ಗಲೊಲ್ಲದು, ಎದೆಯೊಳಗೆ ಒತ್ತಡ ತಗ್ಗುತ್ತದೆ. ಎಳೆ ಮೂಳೆಯ ಮೆತ್ತನೆ ಗೋಡೆ ತಡೆಯಲಾರದೆ ಒಳಕ್ಕೆ ಜಗ್ಗುತ್ತದೆ. ಅಂಗಿ ತೆಗೆದು ನೋಡಿದರೆ ಉಸಿರು ಒಳಗೆಳೆಯುವ ಹೊತ್ತಿಗೆ ಹೊಟ್ಟೆ ಉಬ್ಬುತ್ತದೆ, ಪಕ್ಕೆಯ ಕೆಳ ಅಂಚು ಗುಳಿಬೀಳುತ್ತದೆ.

ಎಣಿಸುವುದಕ್ಕೆ ಒಂದು ಕ್ರಮವಿದೆ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಏಕೆಂದರೆ ಎಳೆ ಮಕ್ಕಳ ಉಸಿರಿಗೆ ಸಮ ಲಯ ಇರುವುದಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಜ್ವರ ಕಾದಾಗ ಉಸಿರು ತಾನಾಗಿಯೇ ಏರುತ್ತದೆ, ಆದ್ದರಿಂದ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸುವುದು ಒಳ್ಳೆಯದು.

ಉಸಿರೆಣಿಕೆಯೂ ವೈರಸ್ಸನ್ನು ಬ್ಯಾಕ್ಟೀರಿಯಾದಿಂದ ಬಿಡಿಸದು ಎಂಬುದನ್ನು ಮುಚ್ಚಿಡಬೇಕಿಲ್ಲ. ಉಬ್ಬಸದ ಮಗುವೂ ಬೇಗಬೇಗ ಉಸಿರಾಡುತ್ತದೆ. ಗೊರೊಕಾದಂಥ ಕಡೆ ಅನವಶ್ಯಕವಾಗಿ ಒಂದಷ್ಟು ಮಕ್ಕಳಿಗೆ ಔಷಧಿ ಕೊಟ್ಟರೂ ಸರಿ, ಒಂದು ಮಗುವೂ ತಪ್ಪಿಹೋಗಬಾರದು ಎಂಬ ಲೆಕ್ಕ ನಡೆಯುತ್ತದೆ. ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ಸುಂಯ್ ಸದ್ದು ಕೇಳಿಸಿಕೊಂಡು, ಮೊದಲು ಉಸಿರುಕೊಳವೆ ಸಡಿಲಿಸುವ ಔಷಧಿ ಕೊಟ್ಟು, ಮತ್ತೆ ಎಣಿಸಿ ನೋಡುವಷ್ಟು ಪುರಸೊತ್ತು ಡಾಕ್ಟರಿಗೆ ಇರಬೇಕು.

ಕೇಪ್‌ಟೌನಿನ 522 ಮಕ್ಕಳು

ಎಣಿಕೆಯ ಜೊತೆಗೆ ಎಕ್ಸ್‌ರೇಯೂ ಇದ್ದರೆ ಮಗು ಬೇಗ ಗುಣವಾಗುತ್ತದೆಯೇ? ತರ್ಕ ಮಾಡುತ್ತ ಕೂರುವ ಬದಲು ಇದನ್ನು ಪ್ರಯೋಗಕ್ಕೆ ಒಡ್ಡಿದವರು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಜಾರ್ಜ್ ಸ್ವಿಂಗ್ಲರ್ ಮತ್ತು ಸಂಗಡಿಗರು. ಅಲ್ಲಿನ ರೆಡ್‌ಕ್ರಾಸ್ ಮಕ್ಕಳ ಆಸ್ಪತ್ರೆಗೆ ಕೆಮ್ಮು ಮತ್ತು ಜೋರು ಉಸಿರಿನೊಂದಿಗೆ ಬಂದ, ಆದರೆ ದಾಖಲಿಸುವಷ್ಟು ಕಾಯಿಲೆಯಿಲ್ಲದ 522 ಮಕ್ಕಳನ್ನು ಚೀಟಿ ಎತ್ತುವ ಕ್ರಮದಲ್ಲಿ ಎರಡು ಗುಂಪು ಮಾಡಿದರು. ಒಂದಕ್ಕೆ ಎಕ್ಸ್‌ರೇ ಉಂಟು, ಇನ್ನೊಂದಕ್ಕೆ ಇಲ್ಲ. 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು.

ಗುಣವಾಗಲು ಹಿಡಿದ ಸಮಯದ ಮಧ್ಯಾಂಕ ಎರಡೂ ಗುಂಪಿನಲ್ಲಿ 7 ದಿನ. ಮತ್ತೆ ಡಾಕ್ಟರ ಬಳಿ ಹೋದವರಲ್ಲಿ, ಆಮೇಲೆ ಆಸ್ಪತ್ರೆ ಸೇರಿದವರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸ ಕಂಡದ್ದು ಔಷಧಿ ಚೀಟಿಯಲ್ಲಿ: ಎಕ್ಸ್‌ರೇ ತೆಗೆಸಿದ ಗುಂಪಿನಲ್ಲಿ ನೂರಕ್ಕೆ ಸುಮಾರು 61 ಮಕ್ಕಳಿಗೆ ಆಂಟಿಬಯಾಟಿಕ್ ಸಿಕ್ಕಿತು, ತೆಗೆಸದ ಗುಂಪಿನಲ್ಲಿ 52 ಮಕ್ಕಳಿಗೆ. ಮಚ್ಚೆ ಕಂಡ ಮೇಲೆ ಔಷಧಿ ಬರೆಯದೆ ಬಿಡಲು ಡಾಕ್ಟರಿಗೆ ಕೈ ಬರುವುದಿಲ್ಲ, ಅದು ಮನುಷ್ಯಸಹಜ. ಮಕ್ಕಳಿಗೆ ಮಾತ್ರ ಅದರಿಂದ ಒಂದು ದಿನದ ಲಾಭವೂ ಆಗಲಿಲ್ಲ.

ಎದೆ ಸುಂಯ್‌ಗುಡುವ ಹಸುಗೂಸುಗಳ ಬ್ರಾಂಕಿಯೊಲೈಟಿಸ್‌ನಲ್ಲಂತೂ ಈ ತೊಡಕು ಎದ್ದು ಕಾಣುತ್ತದೆ. ಅದು ವೈರಸ್ ಕಾಯಿಲೆ; ಕಫ ಅಡ್ಡಬಂದು ಅಲ್ಲಲ್ಲಿ ಶ್ವಾಸಕೋಶ ಮುದುಡಿಕೊಂಡು ಚಿತ್ರದಲ್ಲಿ ಬಿಳಿ ತೇಪೆಗಳು ಮೂಡುತ್ತವೆ, ಅವನ್ನು ನ್ಯುಮೋನಿಯಾ ಎಂದು ಓದಿ ಬೇಡದ ಔಷಧಿ ಶುರುವಾಗುತ್ತದೆ.

ಚಿತ್ರ ಬೇಕೇ ಬೇಕಾದಾಗ

ಇಷ್ಟು ಹೇಳಿದ ಮೇಲೆ ಎಕ್ಸ್‌ರೇ ದಂಡ ಎಂದು ಯಾರಾದರೂ ಅಂದುಕೊಂಡರೆ ಅದು ಇನ್ನೂ ದೊಡ್ಡ ಅನಾಹುತ. ಕೇಪ್‌ಟೌನಿನ ಪ್ರಯೋಗದಿಂದ ಹೊರಗಿಟ್ಟ ಮಕ್ಕಳೇ ಚಿತ್ರ ಬೇಕಾದ ಮಕ್ಕಳು.

ಬೆರಳ ಕ್ಲಿಪ್ ತೋರಿಸುವ ಆಕ್ಸಿಜನ್ ಮಟ್ಟ ಬಿದ್ದಿದ್ದರೆ, ಪಕ್ಕೆ ಜೋರಾಗಿ ಸೆಳೆಯುತ್ತಿದ್ದರೆ, ಮಗುವನ್ನು ದಾಖಲಿಸಲೇಬೇಕಾದರೆ ಎಕ್ಸ್‌ರೇ ತೆಗೆಯಬೇಕು. ವಿಶ್ವ ಆರೋಗ್ಯ ಸಂಸ್ಥೆ 90ಕ್ಕಿಂತ ಕೆಳಗಿನ ಮಟ್ಟವನ್ನು ತೀವ್ರ ಎಂದೇ ಪರಿಗಣಿಸುತ್ತದೆ. ಇಲ್ಲಿ ಡಾಕ್ಟರಿಗೆ ಬೇಕಾದ ಉತ್ತರ ನ್ಯುಮೋನಿಯಾ ಹೌದೋ ಅಲ್ಲವೋ ಎಂಬುದಲ್ಲ. ಅದು ಎಷ್ಟು ಹರಡಿದೆ, ಶ್ವಾಸಕೋಶದ ಹೊರಪೊರೆಯಲ್ಲಿ ನೀರು ತುಂಬಿದೆಯೇ, ಗಾಳಿ ಸೋರಿ ಶ್ವಾಸಕೋಶವನ್ನು ಅಮುಕುತ್ತಿದೆಯೇ, ಹೃದಯ ದೊಡ್ಡದಾಗಿದೆಯೇ ಎಂಬುದು. ಈ ಪ್ರಶ್ನೆಗಳಿಗೆ ಆ ಕಪ್ಪು ಬಿಳುಪು ಚಿತ್ರ ಚೆನ್ನಾಗಿಯೇ ಉತ್ತರಿಸುತ್ತದೆ, ಉತ್ತರ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ.

ಎರಡನೆಯದು, ಸರಿಯಾದ ಔಷಧಿ ಶುರುವಾಗಿ 48ರಿಂದ 72 ಗಂಟೆ ಕಳೆದರೂ ಜ್ವರ ಇಳಿಯದ, ಉಸಿರು ತಗ್ಗದ ಮಗು. "ಎರಡು ದಿನ ಬಿಟ್ಟು ಬನ್ನಿ" ಎಂದು ಡಾಕ್ಟರು ಹೇಳಿದ್ದು ಇದಕ್ಕೇ. ಆ ಮರುಭೇಟಿಯನ್ನು ತಪ್ಪಿಸುವವರೇ ಹೆಚ್ಚು. ಮೊದಲ ದಿನ ಎಕ್ಸ್‌ರೇಗಾಗಿ ಹಟ ಮಾಡುವವರು ಮೂರನೇ ದಿನ ಬರುವುದಿಲ್ಲ. ನಿಜಕ್ಕೂ ಚಿತ್ರಕ್ಕೆ ಬೆಲೆ ಬರುವುದು ಮೂರನೇ ದಿನವೇ, ಏಕೆಂದರೆ ಔಷಧಿ ಸೋತಿರುವುದಕ್ಕೆ ಒಂದು ಕಾರಣ ಹೊರಪೊರೆಯಲ್ಲಿ ಕಟ್ಟಿಕೊಂಡ ಕೀವು ಇರಬಹುದು. ಅಲ್ಲಿಗೆ ರಕ್ತದ ಮೂಲಕ ಔಷಧಿ ಸರಿಯಾಗಿ ತಲುಪದು, ಕೊಳವೆ ಹಾಕಿ ಹೊರಗೆ ತೆಗೆಯಬೇಕಾಗುತ್ತದೆ.

ಮೂರನೆಯದು ನಮ್ಮ ಮನೆಗಳಲ್ಲಿ ಪದೇಪದೇ ನಡೆಯುವಂಥದು. ಮಗು ಕಡಲೆಕಾಯಿ ಬೀಜ ತಿನ್ನುತ್ತ ನಗುವಾಗಲೋ ಓಡುವಾಗಲೋ ಒಮ್ಮೆಲೇ ಉಸಿರು ಕಟ್ಟಿ ಕೆಮ್ಮುತ್ತದೆ. ಸ್ವಲ್ಪ ಹೊತ್ತಿಗೆ ಸರಿಹೋದಂತೆ ಕಾಣುತ್ತದೆ, ಎಲ್ಲರೂ ಮರೆಯುತ್ತಾರೆ. ವಾರದ ಮೇಲೆ ಜ್ವರ, ಕೆಮ್ಮು. ಔಷಧಿ ಕೊಟ್ಟರೆ ಇಳಿಯುತ್ತದೆ, ಬಿಟ್ಟರೆ ಅದೇ ಜಾಗದಲ್ಲಿ ಮತ್ತೆ ನ್ಯುಮೋನಿಯಾ. ನುಂಗಿದ ನಾಣ್ಯ ಎಕ್ಸ್‌ರೇಯಲ್ಲಿ ಹೊಳೆಯುತ್ತದೆ, ಕಡಲೆಬೀಜ, ಹುಣಸೆಬೀಜ ಕಾಣುವುದೇ ಇಲ್ಲ, ಅವುಗಳ ತಡೆ ಅಕ್ಕಪಕ್ಕದ ಮಾಂಸದಷ್ಟೇ. ಕಾಣುವುದು ಅದರ ಪರಿಣಾಮ: ಬೀಜದ ಆಚೆ ಸಿಕ್ಕಿಕೊಂಡ ಗಾಳಿ ಹೊರಬರಲಾರದೆ ಒಂದು ಕಡೆಯ ಶ್ವಾಸಕೋಶ ಉಬ್ಬಿ ಹೆಚ್ಚು ಕಪ್ಪಾಗಿರುತ್ತದೆ, ಅಥವಾ ಗಾಳಿ ಇಂಗಿ ಮುದುಡಿರುತ್ತದೆ. ಚಿತ್ರ ಸರಿಯಾಗಿಯೇ ಇದ್ದರೂ ಬೀಜ ಇಲ್ಲವೆಂದು ಹೇಳಲಾಗದು. ಹಾಗಾಗಿ ಉಸಿರು ಕಟ್ಟಿದ ಆ ಗಳಿಗೆಯನ್ನು ಡಾಕ್ಟರಿಗೆ ಹೇಳುವುದು ಎಕ್ಸ್‌ರೇಗಿಂತ ದೊಡ್ಡ ಸಾಕ್ಷಿ. ಬ್ರಾಂಕೋಸ್ಕೋಪ್ ಎಂಬ ಕೊಳವೆದುರ್ಬೀನು ಇಳಿಸಿ ನೋಡಬೇಕೋ ಎಂಬುದು ಅದರ ಮೇಲೇ ತೀರ್ಮಾನವಾಗುತ್ತದೆ.

ಭಾರತದಲ್ಲಿ ಕೂತು ಬರೆಯುವಾಗ ಕ್ಷಯವನ್ನು ಬಿಡುವಂತಿಲ್ಲ. ಎರಡು ವಾರ ದಾಟಿದ ಕೆಮ್ಮು ಅಥವಾ ಜ್ವರ, ತೂಕ ಏರದಿರುವುದು, ಮನೆಯಲ್ಲಿ ಯಾರಿಗಾದರೂ ಟಿಬಿ ಇರುವುದು, ಇಂಥ ಮಗುವಿಗೆ ಎಕ್ಸ್‌ರೇ ಮೊದಲ ಹೆಜ್ಜೆಗಳಲ್ಲೊಂದು. ಪುಟ್ಟ ಮಕ್ಕಳು ಕಫ ಉಗುಳುವುದಿಲ್ಲ, ನುಂಗಿಬಿಡುತ್ತಾರೆ. ಹೊಟ್ಟೆಯಿಂದ ಅದನ್ನು ತೆಗೆದು ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್‌ನಂಥ ಪರೀಕ್ಷೆಗೆ ಕಳಿಸುವ ಕೆಲಸ ಜೊತೆಜೊತೆಗೆ ನಡೆಯುತ್ತದೆ.

ಕೆಲವೊಮ್ಮೆ ನ್ಯುಮೋನಿಯಾ ವೇಷ ಹಾಕಿಕೊಂಡು ಬರುತ್ತದೆ. ಶ್ವಾಸಕೋಶದ ಕೆಳತುದಿಯ ಸೋಂಕು ಹೊಟ್ಟೆನೋವಾಗಿ ಕಾಣಿಸಿಕೊಂಡು, ಅಪೆಂಡಿಕ್ಸ್ ಇರಬಹುದೆಂದು ಸರ್ಜನ್ ಬಳಿ ಹೋದ ಮಗುವಿನ ರೋಗ ಎದೆಯ ಎಕ್ಸ್‌ರೇಯಲ್ಲಿ ಸಿಕ್ಕಿದ್ದುಂಟು.

ಧ್ವನಿಯ ಚಿತ್ರ, ಸಿಟಿಯ ಚಿತ್ರ

ಅಲ್ಟ್ರಾಸೌಂಡಿಗೆ ಗಾಳಿ ಕಂಡರಾಗದು. ಧ್ವನಿಯ ಅಲೆ ಗಾಳಿಗೆ ಬಡಿದು ಹಿಂದಿರುಗಿಬಿಡುತ್ತದೆ. ಬಹುಕಾಲ ಶ್ವಾಸಕೋಶಕ್ಕೆ ಅದು ನಿರುಪಯೋಗಿ ಅಂದುಕೊಂಡಿದ್ದರು. ಆದರೆ ನ್ಯುಮೋನಿಯಾದಲ್ಲಿ ಗಾಳಿ ಹೋಗಿ ದ್ರವ ಬಂದಿರುತ್ತದಲ್ಲ, ಅಲ್ಲಿ ಅಲೆ ಒಳಹೊಕ್ಕು ಗಟ್ಟಿಕಟ್ಟನ್ನು ಯಕೃತ್ತಿನಂಥ ಗಟ್ಟಿ ಅಂಗದಂತೆ ತೋರಿಸುತ್ತದೆ. ವಿಕಿರಣವಿಲ್ಲ, ಹಾಸಿಗೆಯ ಪಕ್ಕದಲ್ಲೇ ಮಾಡಬಹುದು. ಹೊರಪೊರೆಯಲ್ಲಿ ನೀರಿದೆಯೇ, ತಿಳಿಯೋ, ಕೀವು ಕಟ್ಟಿ ಒಳಗೆ ಪರದೆಗಳೆದ್ದಿವೆಯೋ ಎಂಬುದರಲ್ಲಂತೂ ಎಕ್ಸ್‌ರೇಗಿಂತ ಇದೇ ಮೇಲು. ಶ್ವಾಸಕೋಶದ ಮೇಲ್ಮೈಗೆ ತಾಗದೆ ಆಳದಲ್ಲಿ ಅಡಗಿದ ಮಚ್ಚೆ ಮಾತ್ರ ಇದಕ್ಕೆ ಕಾಣದು, ನಡುವೆ ಗಾಳಿ ಇರುತ್ತದೆ. ನೋಡುವವರ ಕೈಚಳಕದ ಮೇಲೂ ಬಹಳ ನಿಂತಿದೆ.

ಸಿಟಿ ಸ್ಕ್ಯಾನ್ ಬೇರೆಯೇ ಮಟ್ಟದ್ದು. ಅದರ ವಿಕಿರಣ ಒಂದು ಸಾದಾ ಎಕ್ಸ್‌ರೇಯ ಹತ್ತಾರು ಪಟ್ಟು, ನೂರರ ಹತ್ತಿರವೂ ಹೋಗಬಹುದು. ಶ್ವಾಸಕೋಶದೊಳಗೆ ಕೀವುಗೂಡು, ಹುಟ್ಟಿನಿಂದ ಬಂದ ರಚನೆಯ ದೋಷ, ಶಸ್ತ್ರಚಿಕಿತ್ಸೆಗೆ ಮುಂಚಿನ ನಕ್ಷೆ, ಇಂಥ ಸಂದರ್ಭಕ್ಕೆ ಅದು ಸರಿ. ಸಾಮಾನ್ಯ ನ್ಯುಮೋನಿಯಾಗೆ ಸಿಟಿ ಮಾಡಿಸುವುದು ತಪ್ಪು ಎಂದೇ ಹೇಳುತ್ತೇನೆ.

ಗುಣವಾದ ಮೇಲಿನ ಎಕ್ಸ್‌ರೇ

ಇನ್ನೊಂದು ಬೇಡಿಕೆ: "ಕ್ಲಿಯರ್ ಆಗಿದೆಯಾ ಅಂತ ಒಂದು ಎಕ್ಸ್‌ರೇ ನೋಡಿಬಿಡೋಣ." ಹೆಂಚು ಸರಿಪಡಿಸಿ ಸೋರಿಕೆ ನಿಂತ ಮೇಲೂ ಗೋಡೆಯ ಕಲೆ ಆರಲು ವಾರಗಟ್ಟಲೆ ಬೇಕು. ಮಗು ಜ್ವರ ಬಿಟ್ಟು, ಊಟ ಮಾಡಿ, ಅಂಗಳದಲ್ಲಿ ಕುಣಿಯುತ್ತಿದ್ದರೂ ಚಿತ್ರದಲ್ಲಿ ಮಚ್ಚೆ ಹಾಗೆಯೇ ಉಳಿದಿರಬಹುದು, ಅದನ್ನು ನೋಡಿ ಎರಡನೇ ಕೋರ್ಸ್ ಆಂಟಿಬಯಾಟಿಕ್ ಶುರುವಾಗುವುದೂ ಉಂಟು. ತೊಡಕಿಲ್ಲದೆ ಗುಣವಾದ ಮಗುವಿಗೆ ಮರು ಎಕ್ಸ್‌ರೇ ಬೇಡ. ಒಂದೇ ಜಾಗದಲ್ಲಿ ಮತ್ತೆ ಬಂದಿದ್ದರೆ, ಶ್ವಾಸಕೋಶದ ಒಂದು ಭಾಗ ಮುದುಡಿಕೊಂಡಿದ್ದರೆ, ಏನೋ ಸಿಕ್ಕಿಕೊಂಡಿರುವ ಅನುಮಾನವಿದ್ದರೆ ತೆಗೆಸಬೇಕು, ಅದೂ ನಾಲ್ಕರಿಂದ ಆರು ವಾರ ಬಿಟ್ಟು. ದುಂಡನೆಯ ಮಚ್ಚೆ ಕಂಡು ಗಡ್ಡೆಯೇನೋ ಎಂದು ಹೆದರುವವರಿದ್ದಾರೆ. ಸುಮಾರು ಎಂಟು ವರ್ಷದೊಳಗಿನವರಲ್ಲಿ ಅಕ್ಕಪಕ್ಕದ ಗಾಳಿಗೂಡುಗಳ ನಡುವಿನ ಕಿಂಡಿಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಸೋಂಕು ಹರಡಲು ದಾರಿಯಿಲ್ಲದೆ ಉಂಡೆಕಟ್ಟಿ ನಿಲ್ಲುತ್ತದೆ; ಬಹುಪಾಲು ಅದು ನ್ಯುಮೋನಿಯಾವೇ.

ಎಕ್ಸ್‌ರೇ ಬೇಕೋ ಬೇಡವೋ ಎಂದು ಡಾಕ್ಟರ ಮುಂದೆ ಕೂತಾಗ ಒಂದು ಪ್ರಶ್ನೆ ಕೇಳಿ: "ಅದರಲ್ಲಿ ಏನು ಕಂಡರೆ ನೀವು ಕೊಡುವ ಔಷಧಿ ಬದಲಾಗುತ್ತದೆ?" ಉತ್ತರವಿದ್ದರೆ ತೆಗೆಸಿ, ಹೆದರಬೇಡಿ. ಉತ್ತರವಿಲ್ಲದಿದ್ದರೆ ಆ ದುಡ್ಡು ಮೂರನೇ ದಿನದ ಮರುಭೇಟಿಗೆ ಇರಲಿ. ಇನ್ನು, ಮಗು ಹಾಲು ನೀರು ಮುಟ್ಟುತ್ತಿಲ್ಲ, ಎಬ್ಬಿಸಿದರೂ ಮಂಪರು, ಫಿಟ್ಸ್ ಬಂತು, ತುಟಿ ನೀಲಿಗಟ್ಟುತ್ತಿದೆ ಎಂದಾದರೆ ದಾರಿಯಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಹೋಗೋಣವೆಂದು ನಿಲ್ಲಬೇಡಿ. ನೇರ ಆಕ್ಸಿಜನ್ ಸೌಲಭ್ಯ ಇರುವ ಆಸ್ಪತ್ರೆಗೆ ಹೋಗಿ. ಚಿತ್ರವನ್ನು ಅಲ್ಲೇ, ಮಗುವಿನ ಮೂಗಿಗೆ ಆಕ್ಸಿಜನ್ ಹಾಕಿದ ಮೇಲೆ ತೆಗೆಯುತ್ತಾರೆ.